ಕಲ್ಲಿನ ಕಿಸೆಯಲ್ಲೊಂದು ಟಿಕೆಟ್

ನದಿಮೂಲ, ಋಷಿಮೂಲ ಕೆದಕಬಾರದು ಅಂತಾರೆ. ಭೂವಿಜ್ಞಾನಿಗಳಿಗೆ ಈ ಬುದ್ಧಿಮಾತು ಯಾರೂ ಹೇಳಿಲ್ಲ. ಸತ್ತು ಕೋಟ್ಯಂತರ ವರ್ಷವಾದ ನದಿಯ ಮೂಲವನ್ನೂ ಅವರು ಬಿಟ್ಟವರಲ್ಲ. ನೀರೇ ಇಲ್ಲದ ನದಿ ಎಲ್ಲಿಂದ ಬಂತೆಂದು ಹೇಳುವುದು ಹೇಗೆ ಎಂದು ಓದುಗರೊಬ್ಬರು ಕೇಳಿದ್ದರು. ಉಪಗ್ರಹ ಚಿತ್ರದ ಉತ್ತರ ನಿರೀಕ್ಷಿಸಿದ್ದರೇನೋ. ನನಗೆ ನೆನಪಾದದ್ದು ಸುತ್ತಿಗೆ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬಡ್ಲಿ ಸಾಲ್ಟರ್ಟನ್ ಎಂಬ ಊರಿನಲ್ಲಿ, ಕಡಲಂಚಿನ ಕಡಿದಾದ ದಿಬ್ಬದ ತುಂಬ ನುಣುಪಾದ ಉರುಟು ಕಲ್ಲುಗಳು. ಸುಮಾರು 24 ಕೋಟಿ ವರ್ಷಗಳ ಹಿಂದೆ ದೊಡ್ಡ ಹೊಳೆಯೊಂದು ತಂದು ಸುರಿದದ್ದು. ಹೆಚ್ಚಿನವು ಮರಳುಗಲ್ಲು ಗಟ್ಟಿಗೊಂಡ ಕ್ವಾರ್ಟ್‌ಜೈಟ್. ಎಕ್ಸೆಟರ್‌ನ ವಿಲಿಯಂ ವಿಕರಿ ಇವನ್ನು ಒಡೆದೊಡೆದು ನೋಡಿದ. ಬಹುಪಾಲು ಖಾಲಿ, ಅಪರೂಪಕ್ಕೆ ಒಂದರೊಳಗೆ ಚಿಪ್ಪಿನ ಅಚ್ಚು! 1864ರಲ್ಲಿ ಆತನ ಜೊತೆ ಪ್ರಬಂಧ ಬರೆದ ಪಳೆಯುಳಿಕೆ ತಜ್ಞ ಜೆ.ಡಬ್ಲ್ಯು. ಸಾಲ್ಟರ್‌ಗೆ ಬ್ರಿಟನ್ನಿನ ಹಳೆಯ ಚಿಪ್ಪುಗಳೆಲ್ಲ ಚಿರಪರಿಚಿತ. ಇವು ಮಾತ್ರ ಆ ಪೈಕಿ ಅಲ್ಲ. ಕಡಲಾಚೆ, ಫ್ರಾನ್ಸಿನ ನಾರ್ಮಂಡಿಯ ಬಂಡೆಗಳಲ್ಲಿದ್ದವುಗಳ ನೆಂಟರು.

ಅಂಗಿ ಒಗೆಯುವಾಗ ಕಿಸೆಯಲ್ಲಿ ಹಳೆಯ ಬಸ್ ಟಿಕೆಟ್ ಸಿಗುತ್ತದಲ್ಲ, ಹಾಗೆ. ಪ್ರಯಾಣ ಮರೆತಿರುತ್ತದೆ; ಹತ್ತಿದ ಸ್ಟಾಪು ಟಿಕೆಟ್ಟಿನಲ್ಲಿರುತ್ತದೆ. ಕಲ್ಲು ಹೊರಗೆಷ್ಟೇ ಸವೆದರೂ ಒಳಗಿನ ಟಿಕೆಟ್ ಮಾಸಿರಲಿಲ್ಲ. ನಡುವೆ ಇಂಗ್ಲಿಷ್ ಕಾಲುವೆ ಇದೆಯಲ್ಲ ಎನ್ನಬೇಡಿ, ಆಗ ಅದೆಲ್ಲಿತ್ತು?

ಹರಿದ ದಿಕ್ಕಿಗೂ ಕಲ್ಲುಗಳೇ ಸಾಕ್ಷಿ. ಹೊಳೆ ತಳ್ಳಿದ ಚಪ್ಪಟೆ ಕಲ್ಲುಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಒರಗುತ್ತವೆ, ಇಳಿಜಾರು ಮೇಲ್ದಂಡೆಯ ಕಡೆಗೆ. ಹೀಗೆ ಉತ್ತರಕ್ಕೆ ಹರಿದಿದ್ದ ಈ ನದಿಗೆ ಭೂವಿಜ್ಞಾನಿ ಎಲ್.ಜೆ. ವಿಲ್ಸ್ ಇಟ್ಟ ಹೆಸರು ‘ಬಡ್ಲಿಯೆನ್ಸಿಸ್’. ನದಿಯ ಕೊನೆಯೂ ಅದೇ ದಿಬ್ಬದಲ್ಲಿದೆ: ಉರುಟು ಕಲ್ಲಿನ ಪದರದ ನೆತ್ತಿಯಲ್ಲಿ, ಮರುಭೂಮಿಯ ಗಾಳಿ ಉಜ್ಜಿ ಮೂಲೆ ಮೂಡಿಸಿದ ಕಲ್ಲುಗಳ ತೆಳು ಹಾಸು.

ಆದರೆ ‘ಲುಪ್ತ ನದಿ ಪತ್ತೆ’ ಎಂಬ ತಲೆಬರಹ ಕಂಡಾಗಲೆಲ್ಲ ನನಗೊಂದು ಅನುಮಾನ. ಅಂಗಿ ಎರವಲಿನದಾಗಿದ್ದರೆ? ಅದೇ ಕಾಲದ ಉರುಟು ಕಲ್ಲುಗಳು ಮಧ್ಯ ಇಂಗ್ಲೆಂಡಿನಲ್ಲೂ ಇವೆ. ಹಿಮಯುಗದ ಹೊಳೆಗಳು ಅವನ್ನು ಮತ್ತೆ ಕಿತ್ತು ಉರುಳಿಸಿಕೊಂಡು ಹೋದವು. ಥೇಮ್ಸ್ ನದಿಯ ಹಳೆಯ ಜಲ್ಲಿಯಲ್ಲಿ ಅಂಥದ್ದು ಸಿಕ್ಕರೆ, ಅದರ ನುಣುಪು ಥೇಮ್ಸ್‌ನದಲ್ಲ. ಅದು ಬಸ್ಸು ಬದಲಿಸಿ ಬಂದ ಕಲ್ಲು.