ಸ್ನಾಯುವಿನ ವೇಗಕ್ಕೆ ನರವೇ ಯಜಮಾನ

ಕೋಳಿಯ ಎದೆಯ ಮಾಂಸ ಬಿಳಿ, ತೊಡೆಯದು ಕಂದು. ಕಂದಿಗೆ ರಕ್ತವೇ ಕಾರಣವೆಂದು ಅಡುಗೆಮನೆಯಲ್ಲಿ ಹೇಳುವುದುಂಟು. ಆ ಬಣ್ಣ ಬಹುಮಟ್ಟಿಗೆ ಮಯೋಗ್ಲೋಬಿನ್ನಿನದು. ಸ್ನಾಯುವಿನೊಳಗೆ ಆಮ್ಲಜನಕವನ್ನು ಹಿಡಿದಿಡುವ ಪ್ರೋಟೀನ್ ಅದು. ದಿನವಿಡೀ ಕೆದಕುತ್ತ ಅಡ್ಡಾಡುವ ಕೋಳಿಗೆ ಕಾಲಲ್ಲಿ ಬೇಗ ದಣಿಯದ ನಿಧಾನದ ಎಳೆಗಳು ಬೇಕು. ನಾಯಿ ಅಟ್ಟಿದಾಗಷ್ಟೇ ಬಡಿಯುವ ರೆಕ್ಕೆಗೆ ಥಟ್ಟನೆ ಸಿಡಿದು ಬೇಗ ಸೋಲುವ ವೇಗದ ಎಳೆಗಳಿದ್ದರೆ ಸಾಕು. ಮನುಷ್ಯನಲ್ಲಿ ಈ ಎರಡೂ ಬಗೆ ಒಂದೇ ಸ್ನಾಯುವಿನಲ್ಲಿ ಬೆರೆತಿರುತ್ತವೆ.

ಇಲ್ಲಿಂದಲೇ ಮೊದಲ ತಪ್ಪು ಕಲ್ಪನೆ ಹುಟ್ಟುತ್ತದೆ: ಎಳೆಗಳ ಬಗೆ ಹುಟ್ಟಿನಿಂದಲೇ ಬಂದದ್ದು, ಸಾಯುವವರೆಗೂ ಬದಲಾಗದು. ಇದನ್ನು ಅಲುಗಾಡಿಸಿದ್ದು 1960ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಬುಲ್ಲರ್, ಜಾನ್ ಎಕಲ್ಸ್ ಮತ್ತು ಅವರ ಮಗಳು ರೋಸಮಂಡ್ ಎಕಲ್ಸ್ ಬೆಕ್ಕಿನ ಕಾಲಿನ ಎರಡು ನರಗಳನ್ನು ಕತ್ತರಿಸಿ ಅದಲು ಬದಲು ಜೋಡಿಸಿದರು. ವೇಗದ ಸ್ನಾಯುವಿನ ನರ ನಿಧಾನದ ಸ್ನಾಯುವಿಗೆ ಹೋಯಿತು, ನಿಧಾನದ್ದರ ನರ ವೇಗದ್ದಕ್ಕೆ ಬಂತು. ಗಾಯ ಮಾಗಿ ನರಗಳು ಬೇರೂರಿದ ಮೇಲೆ ಅಳೆದರೆ, ನಿಧಾನದ್ದು ಚುರುಕಾಗಿತ್ತು, ಚುರುಕಿನದು ನಿಧಾನವಾಗಿತ್ತು!

ನರ ಕಳಿಸುವ ಮಿಡಿತದಲ್ಲೇ ಗುಟ್ಟಿರಬಹುದೆಂಬ ಊಹೆಯನ್ನು 1969ರಲ್ಲಿ ಸಾಮನ್ಸ್ ಮತ್ತು ವ್ರ್ಬೊವಾ ಪರೀಕ್ಷಿಸಿದರು. ನರ ಕತ್ತರಿಸದೆ, ಮೊಲದ ವೇಗದ ಸ್ನಾಯುವಿಗೆ ವಾರಗಟ್ಟಲೆ ನಿಧಾನಲಯದ ವಿದ್ಯುತ್ ಮಿಡಿತ ಕೊಟ್ಟಾಗ ಆ ಸ್ನಾಯುವೂ ನಿಧಾನದ ಗುಣ ಪಡೆಯಿತು. ಹಾಗೆಂದು ಬರೀ ವ್ಯಾಯಾಮದಿಂದ ಮ್ಯಾರಥಾನ್ ಓಟಗಾರ ನೂರು ಮೀಟರ್ ಓಟದ ವೀರನಾಗುತ್ತಾನೆ ಎಂದಲ್ಲ. ಅನುವಂಶೀಯತೆಯ ಪಾಲು ಇದ್ದೇ ಇದೆ; ತರಬೇತಿಯ ಬದಲಾವಣೆ ಹೆಚ್ಚಾಗಿ ಕಾಣುವುದು ವೇಗದ ಎಳೆಗಳ ಒಳಬಗೆಗಳ ನಡುವೆ.

ಕೆಲಸ ಬಿಟ್ಟರೆ ವೇಗದ ಎಳೆಗಳು ನಿಧಾನದವಾಗುತ್ತವೆ ಎಂಬುದು ಇನ್ನೊಂದು ನಂಬಿಕೆ. ನಡೆಯುವುದು ತದ್ವಿರುದ್ಧ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ತಪ್ಪಿದವರಲ್ಲಿ ನಿಧಾನದ ಎಳೆಗಳು ಕ್ರಮೇಣ ಎಳೆಯನ್ನು ಸಂಕುಚಿಸುವ ಮಯೋಸಿನ್ ಪ್ರೋಟೀನಿನ ವೇಗದ ಬಗೆಯನ್ನು ತಯಾರಿಸತೊಡಗುತ್ತವೆ. ಎಳೆ ಚುರುಕಾಗುತ್ತದೆ, ಆದರೆ ಸಣಕಲಾಗಿ ಬೇಗ ಸುಸ್ತಾಗುತ್ತದೆ. ಇನ್ನು, ಜಿಮ್ ಬಿಟ್ಟರೆ ಸ್ನಾಯುವೇ ಕೊಬ್ಬಾಗುತ್ತದೆಂಬ ಮಾತಿಗೆ ಬುಡವಿಲ್ಲ; ಸ್ನಾಯು ಕರಗುವುದು, ಕೊಬ್ಬು ಸೇರುವುದು ಬೇರೆ ಬೇರೆ ಕೋಶಗಳ ಕಥೆ.

ಪೆಟ್ಟು ತಿಂದ ಸ್ನಾಯು ಹೋದಂತೆಯೇ ಎನ್ನುವವರು 1961ರ ಸಂಗತಿ ಕೇಳಬೇಕು. ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಎಳೆಗೂ ಅದರ ಹೊರಪೊರೆಗೂ ನಡುವೆ ಅಡಗಿದ್ದ ಪುಟ್ಟ ಕೋಶಗಳು ಕಂಡವು. ಅವುಗಳಿಗೆ ಸ್ಯಾಟಲೈಟ್ ಕೋಶಗಳೆಂದು ಹೆಸರಾಯಿತು. ಎಳೆ ಹರಿದಾಗ ಇವು ಎಚ್ಚೆತ್ತು, ವಿಭಜಿಸಿ, ಒಂದರೊಡನೊಂದು ಬೆಸೆದು ಹೊಸ ಎಳೆ ಕಟ್ಟುತ್ತವೆ. ಹೊಸ ಎಳೆ ಭ್ರೂಣದ ದಾರಿಯನ್ನೇ ಮತ್ತೆ ಹಿಡಿಯುತ್ತದೆ: ಮೊದಲು ಭ್ರೂಣದ ಮಯೋಸಿನ್, ಆಮೇಲೆ ನವಜಾತ ಶಿಶುವಿನದು, ಕೊನೆಗೆ ವಯಸ್ಕರದು. ಇಲ್ಲಿಯೂ ನರವೇ ತೀರ್ಪುಗಾರ. ಇಲಿಯ ಮೀನಖಂಡದ ನಿಧಾನದ ಸ್ನಾಯುವನ್ನು ನರವಿಲ್ಲದೆ ಮತ್ತೆ ಬೆಳೆಯಬಿಟ್ಟರೆ, ಅದು ನಿಧಾನದ ಮಯೋಸಿನ್ ಬಿಟ್ಟು ವೇಗದ್ದರ ಕಡೆಗೇ ವಾಲುತ್ತದೆ. ಆದರೆ ಗಾಯ ತೀರಾ ದೊಡ್ಡದಾದರೆ ಸ್ಯಾಟಲೈಟ್ ಕೋಶಗಳು ಸೋಲುತ್ತವೆ, ಜಾಗದಲ್ಲಿ ಕಲೆಗಟ್ಟುತ್ತದೆ.

ವ್ಯಾಯಾಮದ ಮಾರನೇ ದಿನದ ಮೈಕೈ ನೋವನ್ನು ಲ್ಯಾಕ್ಟಿಕ್ ಆಮ್ಲದ ತಲೆಗೆ ಕಟ್ಟುವುದೂ ಅನ್ಯಾಯ. ಅದು ಸುಮಾರು ಒಂದು ಗಂಟೆಯಲ್ಲೇ ರಕ್ತದಿಂದ ತೆರವಾಗಿರುತ್ತದೆ. ನೋವು ಏರುವುದು ಒಂದೆರಡು ದಿನದ ಬಳಿಕ, ಎಳೆಗಳ ಸೂಕ್ಷ್ಮ ಹಾನಿ ಮತ್ತು ಉರಿಯೂತದಿಂದ.

ಮುಪ್ಪಿನಲ್ಲಿ ಸ್ಯಾಟಲೈಟ್ ಕೋಶಗಳು ಮಂಕಾಗುತ್ತವೆ, ವೇಗದ ಎಳೆಗಳೇ ಹೆಚ್ಚು ಸೊರಗುತ್ತವೆ. ಆದರೆ ಈ ವಯಸ್ಸಿನಲ್ಲಿ ಭಾರ ಎತ್ತಿ ಏನು ಫಲ ಎಂಬ ಪ್ರಶ್ನೆಗೆ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನ ಉತ್ತರಿಸಿದೆ. ತೊಂಬತ್ತರ ಆಸುಪಾಸಿನ ಹತ್ತು ಮಂದಿ ಅಲ್ಲಿ ಭಾರದ ವ್ಯಾಯಾಮ ಆರಂಭಿಸಿದರು. ಎಂಟು ವಾರ ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ 174 ಪ್ರತಿಶತ ಹೆಚ್ಚಿತ್ತು.