ಕಂದು ರೋಗದ ಲಸಿಕೆಯಲ್ಲೊಂದು ನಾರ್ಮನ್ ಊರು

ಪಶು ಆಸ್ಪತ್ರೆಯ ಅಂಗಳದಲ್ಲಿ ಹೆಣ್ಣುಗರುವೊಂದು ಕಿವಿ ಕೊಡವುತ್ತ ನಿಂತಿದೆ. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಹಾಕುವ ಲಸಿಕೆ ಅದಕ್ಕೆ ಈಗಷ್ಟೇ ಬಿದ್ದಿದೆ. ರೈತರ ಬಾಯಲ್ಲಿ ಅದು ‘ಕಂದು ರೋಗ’ದ ಚುಚ್ಚುಮದ್ದು. ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತದಲ್ಲ, ಆ ರೋಗ. ಡಾಕ್ಟರರ ಪುಸ್ತಕದಲ್ಲಿ ಬ್ರುಸೆಲ್ಲೋಸಿಸ್. ಈ ಹೆಸರಿನ ಬಾಲ ಹಿಡಿದು ಹೊರಟರೆ ಫ್ರಾನ್ಸಿನ ವಾಯವ್ಯ ಮೂಲೆಯ ಸಣ್ಣ ಊರೊಂದಕ್ಕೆ ಹೋಗಿ ಮುಟ್ಟುತ್ತೇವೆ.

ರೋಗಾಣುವಿಗೆ ಬ್ರುಸೆಲ್ಲಾ ಎಂಬ ಹೆಸರು ಬಂದದ್ದು ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯನಿಂದ. ಹುಟ್ಟಿದ್ದು 1855ರಲ್ಲಿ, ಮೆಲ್ಬರ್ನ್‌ನಲ್ಲಿ, ತಂದೆತಾಯಿ ಸ್ಕಾಟ್ಲೆಂಡಿನವರು. ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರನ್ನು ಏರುತ್ತ ಇಳಿಯುತ್ತ ವಾರಗಟ್ಟಲೆ ಕಾಡುತ್ತಿದ್ದ ಜ್ವರದ ರೋಗಾಣು ಯಾವುದೆಂದು ಆತ 1887ರಲ್ಲಿ ಪ್ರಕಟಿಸಿದ. ಅದು ಮೇಕೆಯ ಹಸಿ ಹಾಲಿನಿಂದ ಹರಡುತ್ತದೆಂಬ ಸುಳಿವು ಸಿಕ್ಕಿದ್ದು 1905ರಲ್ಲಿ, ಥೆಮಿಸ್ಟೋಕ್ಲಿಸ್ ಝಮಿತ್ ಎಂಬ ಮಾಲ್ಟಾದ ವೈದ್ಯನಿಗೆ. ಹೆಸರು ಮಾತ್ರ ಬ್ರೂಸನದೇ ಉಳಿಯಿತು. ನನಗೇನೋ ಝಮಿತ್‌ಗೆ ಸ್ವಲ್ಪ ಅನ್ಯಾಯವಾಯಿತೆಂದೇ ಅನ್ನಿಸುತ್ತದೆ.

ಇನ್ನು ಆ ಊರು. ನಾರ್ಮಂಡಿಯ ಕೊತಾಂತೆನ್ ಪರ್ಯಾಯ ದ್ವೀಪದಲ್ಲಿ, ಶೆರ್ಬೂರ್ಗ್ ಬಂದರಿನಿಂದ ದಕ್ಷಿಣಕ್ಕೆ ಬ್ರಿಕ್ಸ್ ಎಂಬ ಗ್ರಾಮವಿದೆ. ಬ್ರೂಸ್ ಎಂಬ ಹೆಸರು ಹೊರಟದ್ದು ಅಲ್ಲಿಂದಲೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಹೇಸ್ಟಿಂಗ್ಸ್ ಕಾಳಗದಲ್ಲೇ ಬ್ರೂಸ್ ಮನೆತನದವನೊಬ್ಬ ಇದ್ದನೆಂದು ಹಳೆಯ ವಂಶಾವಳಿಗಳು ಹೇಳುತ್ತವೆ, ನಂಬುವುದು ಕಷ್ಟ. ಇಂಗ್ಲೆಂಡಿನ ಪ್ರತಿಯೊಂದು ದೊಡ್ಡ ಮನೆತನಕ್ಕೂ ತನ್ನ ಅಜ್ಜ ಆ ದಿನ ಅಲ್ಲಿದ್ದನೆಂದು ಹೇಳಿಕೊಳ್ಳುವ ಚಪಲ. ದಾಖಲೆಗಳಲ್ಲಿ ಗಟ್ಟಿಯಾಗಿ ಕಾಣಿಸುವ ಮೊದಲ ಮನುಷ್ಯ ರಾಬರ್ಟ್ ದ ಬ್ರೂಸ್, ಅಂದರೆ ಬ್ರಿಕ್ಸ್‌ನ ರಾಬರ್ಟ್. 1100ರ ನಂತರದ ವರ್ಷಗಳಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಹೆನ್ರಿ ಆತನಿಗೆ ಯಾರ್ಕ್‌ಶೈರಿನಲ್ಲಿ ಜಮೀನು ಕೊಟ್ಟ. 1124ರಲ್ಲಿ ಸ್ಕಾಟ್ಲೆಂಡಿನ ದೊರೆ ಒಂದನೆಯ ಡೇವಿಡ್ ಆನಂಡೇಲ್ ಕೊಟ್ಟ. ಇಬ್ಬರು ದೊರೆಗಳ ಉಂಬಳಿ ಉಂಡವನಿಗೆ 1138ರಲ್ಲಿ ಪೇಚಿಗಿಟ್ಟುಕೊಂಡಿತು. ಆ ಎರಡೂ ರಾಜ್ಯಗಳ ಸೇನೆಗಳೇ ಎದುರುಬದುರಾದಾಗ ಅಪ್ಪ ಇಂಗ್ಲಿಷರ ಕಡೆ, ಆನಂಡೇಲಿಗಾಗಿ ಕಿರಿಮಗ ಸ್ಕಾಟರ ಕಡೆ.

ಊರ ಹೆಸರು ಮನೆತನದ ಹೆಸರಾಗಿ ಗಟ್ಟಿಯಾದದ್ದು ಇಂಥ ಜಮೀನಿನಿಂದಲೇ. ಆಸ್ತಿ ಅಪ್ಪನಿಂದ ಮಗನಿಗೆ ಇಳಿಯುವಾಗ ಹಕ್ಕಿಗೊಂದು ಗುರುತು ಬೇಕಿತ್ತು. ಕಾಗುಣಿತಕ್ಕೆ ಮಾತ್ರ ಯಾವ ಕಾನೂನೂ ಇರಲಿಲ್ಲ. ಲ್ಯಾಟಿನ್ನಿನಲ್ಲಿ ಪತ್ರ ಬರೆಯುವ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ: ಬ್ರುಸ್, ಬ್ರುಯಿಸ್, ಬ್ರೂಸ್. ಇನ್ನೊಂದು ತಮಾಷೆಯೂ ನಡೆಯಿತು. ಫ್ರೆಂಚಿನ ‘ದ’ ಅಂದರೆ ‘ಇಂಥ ಊರಿನ’. ಸ್ಕಾಟರ ಬಾಯಲ್ಲಿ ಅದು ಕಳಚಿ, ಆ ಜಾಗದಲ್ಲಿ ಇಂಗ್ಲಿಷಿನ ‘ದಿ’ ಬಂದು ಕೂತಿತು. ಬ್ರಿಕ್ಸ್ ಊರಿನವನು ‘ಬ್ರೂಸ್ ಎಂಬ ಆ ಮಹಾಶಯ’ ಆದ. ಹಾಗೆ ಕರೆಸಿಕೊಂಡವನು 1306ರಲ್ಲಿ ಸ್ಕಾಟ್ಲೆಂಡಿನ ರಾಜನಾಗಿ, 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಇಂಗ್ಲಿಷ್ ಸೇನೆಯನ್ನು ಸೋಲಿಸಿದ ರಾಬರ್ಟ್ ಬ್ರೂಸ್.

ಹಾಗಾದರೆ ಇಂದಿನ ಬ್ರೂಸ್‌ಗಳೆಲ್ಲ ಆ ರಾಜನ ಕುಡಿಗಳೇ? ಗಂಡಸರಲ್ಲಿರುವ ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ಇಳಿಯುತ್ತದೆ. ಮನೆತನದ ಹೆಸರು ಇಳಿಯುವುದೂ ಅದೇ ದಾರಿಯಲ್ಲಿ. ಹೀಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಅಪರೂಪದ ಹೆಸರುಗಳವರಲ್ಲಿ ವೈ ಗುರುತುಗಳು ಹೊಂದುವುದು ಹೆಚ್ಚು. ಸ್ಮಿತ್‌ನಂಥ ಸಾಮಾನ್ಯ ಹೆಸರುಗಳಲ್ಲಿ ತೀರಾ ಕಡಿಮೆ, ಏಕೆಂದರೆ ಊರೂರಿನ ಕಮ್ಮಾರರೂ ಸ್ಮಿತ್‌ಗಳಾದವರು. ಅಲ್ಲದೆ ಒಕ್ಕಲುಗಳು ಒಡೆಯನ ಹೆಸರು ಹಚ್ಚಿಕೊಂಡದ್ದುಂಟು, ಸಾಕುಮಕ್ಕಳಿಗೂ ಅದೇ ಹೆಸರು ಬಂದದ್ದುಂಟು, ಹೊರಗೆ ಹೇಳದ ಸಂಗತಿಗಳೂ ಉಂಟು. ರಾಬರ್ಟ್ ರಾಜನ ವಿಷಯದಲ್ಲಂತೂ ಉತ್ತರ ಸುಲಭ: ಮಗ ಎರಡನೆಯ ಡೇವಿಡ್ 1371ರಲ್ಲಿ ಮಕ್ಕಳಿಲ್ಲದೆ ಸತ್ತ. ಪಟ್ಟ ಹೋದದ್ದು ರಾಬರ್ಟನ ಮಗಳು ಮಾರ್ಜರಿಯ ಮಗನಿಗೆ. ಅವನ ಮನೆತನದ ಹೆಸರು ಸ್ಟೂವರ್ಟ್. ರಕ್ತ ಒಂದು ಕಡೆ ಹರಿಯಿತು, ಹೆಸರು ಬೇರೆ ಕವಲುಗಳನ್ನು ಹಿಡಿಯಿತು. ಭಾರತಕ್ಕೆ ವೈಸರಾಯ್‌ಗಳಾಗಿ ಬಂದ ಇಬ್ಬರು ಲಾರ್ಡ್ ಎಲ್ಗಿನ್‌ಗಳೂ ಬ್ರೂಸ್‌ಗಳೇ.

ಸೇನಾ ವೈದ್ಯ ಬ್ರೂಸನಿಗೂ ಮಕ್ಕಳಿರಲಿಲ್ಲ. ಪ್ರಯೋಗಾಲಯದಲ್ಲಿ ಅವನ ಜೊತೆಗೇ ದುಡಿಯುತ್ತಿದ್ದ ಹೆಂಡತಿ ಮೇರಿ 1931ರ ನವೆಂಬರಿನಲ್ಲಿ ತೀರಿಕೊಂಡಳು. ನಾಲ್ಕು ದಿನದಲ್ಲಿ ಅವನೂ ಹೋದ. ಅಷ್ಟರಲ್ಲಾಗಲೇ, 1920ರಲ್ಲಿ, ವಿಜ್ಞಾನಿಗಳು ಆ ರೋಗಾಣುವಿನ ಕುಲಕ್ಕೆ ಅವನ ಮನೆತನದ ಹೆಸರಿಟ್ಟಿದ್ದರು. ಗಂಡುಮಗು, ಆಸ್ತಿಪತ್ರ, ಗುಮಾಸ್ತ ಯಾವುದರ ಹಂಗೂ ಅದಕ್ಕಿಲ್ಲ. ಒಂದು ಸೀಳಿ ಎರಡಾಗುತ್ತದೆ, ಎರಡೂ ಬ್ರುಸೆಲ್ಲಾ.