ಗಿಟಾರ್‌ಗೆ ಬ್ರಿಡ್ಜ್ ಎಲ್ಲಿ ಕೂರಬೇಕು? ಡ್ರಿಲ್ ಎತ್ತೋ ಮುಂಚಿನ ಲೆಕ್ಕ

ಎಲೆಕ್ಟ್ರಿಕ್ ಗಿಟಾರ್ ಕೈಯಾರೆ ಕಟ್ಟುವಾಗ ಮರ ಕತ್ತರಿಸೋದು, ಬಣ್ಣ ಹೊಡೆಯೋದು ಎಲ್ಲಾ ಸ್ವಲ್ಪ ಹೆಚ್ಚು ಕಡಿಮೆ ಆದ್ರೂ ನಡೆಯತ್ತೆ. ಬ್ರಿಡ್ಜ್ ವಿಷಯದಲ್ಲಿ ಮಾತ್ರ ಆ ರಿಯಾಯಿತಿ ಇಲ್ಲ. ಜಾಗ ತಪ್ಪಿದ್ರೆ ಖಾಲಿ ತಂತಿಗಳು ಶ್ರುತಿಯಲ್ಲೇ ಇರ್ತವೆ, ಆದ್ರೆ ಮೇಲಿನ ಫ್ರೆಟ್‌ಗಳಿಗೆ ಹೋದಷ್ಟೂ ಅಪಸ್ವರ.

ಯಾಕೆ ಹೀಗೆ? ಮೊದಲು ನಮಗೆ ಗೊತ್ತಿರೋ ವೀಣೆಯನ್ನೇ ನೋಡೋಣ. ಅಲ್ಲಿ ಬ್ರಿಡ್ಜ್‌ಗೆ ಕುದುರೆ ಅಂತಾರೆ. ಕುದುರೆ ಮೊದಲು ಕೂರತ್ತೆ. ಆಮೇಲೆ ಕುಶಲಕರ್ಮಿ 24 ಮೆಟ್ಟಿಲುಗಳನ್ನು ಕಿವಿಯಿಂದ ಕೇಳ್ತಾ ಮೇಣದ ಮೇಲೆ ಒಂದೊಂದಾಗಿ ನಿಲ್ಲಿಸ್ತಾರೆ. ಸ್ವರ ಸರಿ ಇಲ್ಲ ಅಂದ್ರೆ ಮೆಟ್ಟಿಲನ್ನೇ ಸರಿಸಬಹುದು. ಗಿಟಾರ್‌ನಲ್ಲಿ ಇದು ಉಲ್ಟಾ. ಫ್ರೆಟ್‌ಗಳು ಗರಗಸದ ಗೆರೆಯಲ್ಲಿ ಬಡಿದು ಕೂತಿರ್ತವೆ, ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹಾರ್ಡ್‌ಕೋಡ್. ಸರಿಸೋಕೆ ಉಳಿಯೋದು ಕುದುರೆ ಒಂದೇ.

ಈಗ ಲೆಕ್ಕ. ಫೆಂಡರ್ ಮಾದರಿಯ ಗಿಟಾರ್‌ನ ಸ್ಕೇಲ್ ಉದ್ದ 25.5 ಇಂಚು, ಅಂದ್ರೆ 647.7 ಮಿ.ಮೀ. ನಟ್‌ನಿಂದ 12ನೇ ಫ್ರೆಟ್‌ಗೆ ಇದರ ಸರಿಯಾಗಿ ಅರ್ಧ, 323.85 ಮಿ.ಮೀ. ಹಾಗಾದ್ರೆ ಬ್ರಿಡ್ಜ್ 647.7ಕ್ಕೆ ಇಟ್ರೆ ಮುಗೀತಾ? ಇಲ್ಲ. ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ತುಸು ಎಳೆದುಕೊಂಡು ಬಿಗಿಯಾಗತ್ತೆ, ಸ್ವರ ಏರತ್ತೆ. ಅದನ್ನು ಸರಿದೂಗಿಸೋಕೆ ತಂತಿ ಸ್ವಲ್ಪ ಉದ್ದ ಇರಬೇಕು. ಸಾಮಾನ್ಯ ದಪ್ಪದ ತಂತಿಗಳಲ್ಲಿ ತೆಳು ಇ ತಂತಿಗೆ 1-2 ಮಿ.ಮೀ., ದಪ್ಪ ಇ ತಂತಿಗೆ 4-5 ಮಿ.ಮೀ. ಹೆಚ್ಚುವರಿ ಬೇಕಾಗತ್ತೆ. ಇದನ್ನು ಕಡೆಗಣಿಸೋ ಹಾಗಿಲ್ಲ: 1 ಮಿ.ಮೀ. ತಪ್ಪಿದ್ರೆ 12ನೇ ಫ್ರೆಟ್‌ನಲ್ಲಿ ಸುಮಾರು 2.7 ಸೆಂಟ್ ವ್ಯತ್ಯಾಸ. ಒಂದು ಫ್ರೆಟ್‌ನಿಂದ ಪಕ್ಕದ ಫ್ರೆಟ್‌ಗೆ 100 ಸೆಂಟ್ ಇರತ್ತೆ. 5 ಮಿ.ಮೀ. ತಪ್ಪಿದ್ರೆ 13 ಸೆಂಟ್, ಕಾರ್ಡ್ ನುಡಿಸಿದ್ರೆ ಯಾರ ಕಿವಿಗೂ ಚುಚ್ಚತ್ತೆ.

ನನ್ನ ಬಾಡಿ ಮಾಡ್ತಿರೋದು ಊರಿನ ಹಳೇ ಮನೆ ಕಳಚಿದಾಗ ಉಳಿದ ಹಲಸಿನ ಹಲಗೆಯಿಂದ. ತಂಜಾವೂರು ವೀಣೆಗೂ ಹಲಸೇ. ಟಿ. ನಗರದಲ್ಲಿ ಪಾಂಡಿ ಬಜಾರ್, ಉಸ್ಮಾನ್ ರೋಡ್ ಪೂರ್ತಿ ಸುತ್ತಿದ್ರೂ ಇದಕ್ಕೆ ಜೋಡಿ ಹಲಗೆ ಸಿಗಲ್ಲ. ತೂತಿಗೆ ಅನ್‌ಡೂ ಬಟನ್ ಇಲ್ಲ. ಅದಕ್ಕೇ ಈ ಕ್ರಮ.

ಒಂದು, ಮಧ್ಯರೇಖೆ. ನೆಕ್ ಬಾಡಿಗೆ ಗಟ್ಟಿಯಾಗಿ ಕೂತ ಮೇಲೇ ಅಳತೆ ಶುರು. ಬಾಡಿಯ ಅಂಚನ್ನು ನಂಬಬೇಡಿ. ನಟ್‌ನ ಎರಡು ಹೊರ ಸಂದುಗಳಿಂದ ಬ್ರಿಡ್ಜ್‌ನ ಎರಡು ಹೊರ ಸ್ಯಾಡಲ್‌ಗಳಿಗೆ ದಾರ ಎಳೀರಿ. ಕೊನೆಯ ಫ್ರೆಟ್ ಹತ್ತಿರ ಎರಡೂ ಅಂಚಿಗೆ ಸಮಾನ ಜಾಗ ಉಳಿಯೋವರೆಗೆ ಬ್ರಿಡ್ಜ್ ಪಕ್ಕಕ್ಕೆ ಸರಿಸಿ.

ಎರಡು, ಉದ್ದ. ಫ್ರೆಟ್‌ಬೋರ್ಡ್ ಕಡೆಗಿರೋ ನಟ್‌ನ ಮುಖದಿಂದ 12ನೇ ಫ್ರೆಟ್‌ನ ನಡುವಿನವರೆಗೆ ಅಳೆದು ಎರಡರಿಂದ ಗುಣಿಸಿ. ಅರ್ಧ ಮಿ.ಮೀ. ತಪ್ಪು ಗುಣಿಸಿದಾಗ 1 ಮಿ.ಮೀ. ಆಗತ್ತೆ; ಆದ್ದರಿಂದ ಒಂದು ಮೀಟರ್ ಸ್ಟೀಲ್ ಸ್ಕೇಲ್‌ನಲ್ಲಿ ನಟ್‌ನಿಂದ ನೇರವಾಗಿ ಇನ್ನೊಮ್ಮೆ ಅಳೆದು ತಾಳೆ ನೋಡಿ.

ಮೂರು, ಸ್ಯಾಡಲ್. ತೆಳು ಇ ತಂತಿಯ ಸ್ಯಾಡಲ್ಲನ್ನು ನಟ್ ಕಡೆಗೆ ಬಹುಪಾಲು ಮುಂದೆ ತನ್ನಿ, 1-2 ಮಿ.ಮೀ. ಬಾಕಿ ಇರಲಿ. ತಂತಿ ತಾಗೋ ಅದರ ಬಿಂದುವನ್ನು ಸ್ಕೇಲ್ ಉದ್ದಕ್ಕೆ ಸರಿಯಾಗಿ ಇಡಿ. ಎಲ್ಲಾ ತಂತಿಗೂ ಬೇಕಾಗೋದು ಹಿಂದಕ್ಕೆ ಹೋಗೋ ಜಾಗವೇ, ಅದು ಈಗ ಸಿಕ್ತು. ಗಿಬ್ಸನ್ ಶೈಲಿಯ ಟ್ಯೂನ್-ಓ-ಮ್ಯಾಟಿಕ್ ಬ್ರಿಡ್ಜ್‌ನಲ್ಲಿ ಸ್ಯಾಡಲ್ ಓಡಾಡೋ ಜಾಗ ಕಡಿಮೆ. ಅಲ್ಲಿ ಬ್ರಿಡ್ಜನ್ನೇ ಓರೆಯಾಗಿ, ದಪ್ಪ ತಂತಿ ಕಡೆಯ ಕಂಬ ಸುಮಾರು 3 ಮಿ.ಮೀ. ಹಿಂದೆ ಬರೋ ಹಾಗೆ ಕೂರಿಸ್ತಾರೆ.

ಈಗ ಮಾತ್ರ ಡ್ರಿಲ್. ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು.

ಹೊಸ ತಂತಿ ಹಾಕಿ ಶ್ರುತಿ ನಿಂತ ಮೇಲೆ ಕೊನೆಯ ಟೆಸ್ಟ್. 12ನೇ ಫ್ರೆಟ್ ಮೇಲೆ ಬೆರಳು ಸುಮ್ಮನೆ ಸೋಕಿಸಿ ಹಾರ್ಮೋನಿಕ್ ಕೇಳಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದ್ರೆ ಮುಂದಕ್ಕೆ. ಪ್ರತಿ ಸಲ ಸರಿಸಿದಾಗಲೂ ಖಾಲಿ ತಂತಿಯನ್ನು ಮತ್ತೆ ಟ್ಯೂನ್ ಮಾಡಿ.

"ನಾನು ಗಮಕ ನುಡಿಸೋನು, ತಂತಿ ಎಳೀತೀನಿ, ಇಷ್ಟು ನಿಖರತೆ ಯಾಕೆ?" ಅಂತ ಕೇಳಬಹುದು. ಚೆನ್ನೈನಲ್ಲೇ ಬಾಳಿದ ಯು. ಶ್ರೀನಿವಾಸ್ (1969-2014) ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಇಡೀ ಕರ್ನಾಟಕ ಸಂಗೀತ ನುಡಿಸಿದ್ರು. ಎಳೆಯೋಕೆ ಮುಂಚೆ ಹೊರಡೋ ಸ್ವರ, ಎಳೆದ ಮೇಲೆ ಬಂದು ನಿಲ್ಲೋ ಸ್ವರ, ಎರಡೂ ಫ್ರೆಟ್ ಮೇಲೇ ಇರ್ತವೆ. ಅವು ಸರಿ ಇದ್ರೆ ಬೆರಳಿಗೆ ಗಮಕದ ಕೆಲಸ ಮಾತ್ರ ಉಳಿಯತ್ತೆ. ಇಲ್ಲದಿದ್ರೆ ಬ್ರಿಡ್ಜ್‌ನ ತಪ್ಪನ್ನು ತಿದ್ದೋ ಕೆಲಸವೂ ಅದರ ತಲೆಗೇ ಬೀಳತ್ತೆ.